ಕಕ್ಕಡದಲ್ಲಿ ಒಣಗಿದ ಗೊಬ್ಬರ

ಕಕ್ಕಡ ಮಾಸದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ, ಸೌದೆ ಒಣಗುವುದಿಲ್ಲ, ಮೂಲೆಯಲ್ಲಿಟ್ಟ ಕೊಡೆಯೂ ಒಣಗುವುದಿಲ್ಲ. ಒಣಗುವುದು ಒಂದೇ, ಶೌಚಗುಂಡಿಯ ಕೆಸರು, ಅದೂ ಕಡತದಲ್ಲಿ. ಸಕ್ಕಿಂಗ್ ಗಾಡಿ ಹೀರಿ ತರುವುದರಲ್ಲಿ ಬಹುಪಾಲು ನೀರೇ. ಅದನ್ನು ಸೂರಿಲ್ಲದ ಮರಳು ಹಾಸಿನ ಮೇಲೆ ಸುರಿದು, ಅದರ ಮೇಲೆ ಮುಂಗಾರು ಸುರಿದರೂ ವರದಿಯಲ್ಲಿ ‘ಸುರಕ್ಷಿತ ಗೊಬ್ಬರ ಸಿದ್ಧ’.

ನಿಯಮವೇನೋ ಕಟ್ಟುನಿಟ್ಟು. ಅಮೆರಿಕದವರು ಕೊಳಚೆ ಕೆಸರಿನ ಬಳಕೆಗೆಂದು 1993ರಲ್ಲಿ ಬರೆದ ನಿಯಮ, ‘503ನೇ ಭಾಗ’ದ ಪ್ರಕಾರ ಸಾಲುರಾಶಿ ಹಾಕಿ ಕಾಂಪೋಸ್ಟ್ ಮಾಡುವುದಾದರೆ 15 ದಿನ ರಾಶಿಯ ಶಾಖ 55 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯಬಾರದು, ಅಷ್ಟರಲ್ಲಿ 5 ಸಲವಾದರೂ ಮಗುಚಬೇಕು. ಮಗುಚುವುದು ಸುಮ್ಮನೆ ಕಸರತ್ತಿಗಲ್ಲ. ರಾಶಿಯ ಒಡಲು ಕಾದರೂ ಹೊರಮೈ ತಣ್ಣಗೇ ಇರುತ್ತದೆ. ಅಲ್ಲಿ ಹಾಯಾಗಿರುವ ಜಂತುಹುಳದ ಮೊಟ್ಟೆಗಳು ಒಳಗೆ ಹೋಗಿ ಬೇಯಬೇಕು. ತೇವ ಶೇ. 50-60 ಇರಬೇಕು. ಮೀರಿದರೆ ಗಾಳಿಯಾಡುವ ಸಂದಿಗೆ ನೀರು ತುಂಬಿ ಶಾಖ ಇಳಿಯುತ್ತದೆ, ನಾತ ಏರುತ್ತದೆ. ಕೆಸರೊಂದನ್ನೇ ಗುಡ್ಡೆ ಹಾಕಿದರೆ ಕಾಯುವುದೂ ಇಲ್ಲ. ಕಾಫಿ ಹೊಟ್ಟೋ ಮರದ ಪುಡಿಯೋ ಬೆರೆಸಬೇಕು. ಇದಕ್ಕೆಲ್ಲ ಮೊದಲು ಬೇಕಾದದ್ದು ತಗಡಿನ ಸೂರು, ಉದ್ದ ಕಡ್ಡಿಯ ಥರ್ಮಾಮೀಟರು. ಎಸ್ಟಿಮೇಟಿನಲ್ಲಿ ಇವೆರಡೂ ಇರುವುದಿಲ್ಲ. ಉದ್ಘಾಟನೆಯ ಗ್ರಾನೈಟ್ ಫಲಕ ಇರುತ್ತದೆ.

ರೋಗಾಣು ಅಡಗಿಸಲು ಇನ್ನೊಂದು ದಾರಿ ಸುಣ್ಣ. ಮಂತ್ರಿಗಳು ಬರುವ ದಿನ ರಸ್ತೆ ಅಂಚಿಗೆ ಬಿಳಿಪುಡಿ ಉದುರಿಸುವ ಕೈಚಳಕವೇ ಇಲ್ಲೂ. ನಿಯಮದ ಸುಣ್ಣ ಕೆಸರಿನೊಳಗೆ ಕಲಸುವಂಥದ್ದು: ಕ್ಷಾರದ ಅಳತೆಯಾದ ಪಿಎಚ್ 12ಕ್ಕೇರಿ 2 ಗಂಟೆ ನಿಲ್ಲಬೇಕು, ಆಮೇಲೆ ಇನ್ನಷ್ಟು ಸುಣ್ಣ ಹಾಕದೆ 22 ಗಂಟೆ 11.5ರಿಂದ ಕೆಳಗಿಳಿಯಬಾರದು. ಇಷ್ಟು ಮಾಡಿದರೂ ಸಿಗುವುದು ‘ಬಿ’ ದರ್ಜೆ, ಅಂದರೆ ರೋಗಾಣು ತಗ್ಗಿದರೂ ಪೂರ್ತಿ ಹೋಗದ ಕೆಸರು. ‘ಎ’ ದರ್ಜೆಯಲ್ಲಿ ಒಣ ಗ್ರಾಂಗೆ ಫೀಕಲ್ ಕೋಲಿಫಾರಂ, ಅಂದರೆ ಮಲದ ಬ್ಯಾಕ್ಟೀರಿಯಾ, 1,000ದೊಳಗಿರಬೇಕು. ‘ಬಿ’ಗೆ 20 ಲಕ್ಷದವರೆಗೂ ಮಾಫಿ. ಆ ಮಾಫಿಗೂ ಬೆಲೆಯಿದೆ. ಈ ಗೊಬ್ಬರವನ್ನು ಹಾಕಿದ ಕೂಡಲೇ ಮಣ್ಣಿಗೆ ಬೆರೆಸಿದರೆ, ಮಣ್ಣೊಳಗೆ ಬೆಳೆಯುವ ಬೆಳೆಯನ್ನು 38 ತಿಂಗಳು ಕೀಳುವಂತಿಲ್ಲ. ಒಂದು ವರ್ಷಕ್ಕೆ ಗದ್ದೆ ಗುತ್ತಿಗೆ ಹಿಡಿದ ಶುಂಠಿಯವನು ಮೂರು ವರ್ಷ ಕೈಕಟ್ಟಿ ಕೂರುತ್ತಾನೆ, ನಂಬೋಣ.

ಕಕ್ಕಡ 18ರಂದು ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧಗುಣ ಬರುತ್ತದಂತೆ. ಆ ಸೊಪ್ಪಿನ ಪಾಯಸ ಉಂಡ ನಾವ್ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಬಹುಶಃ ಕೆಸರಿಗೂ ಅಂದೇ ಶುದ್ಧಿ. ಇಲ್ಲದಿದ್ದರೆ ಥರ್ಮಾಮೀಟರೇ ಇಲ್ಲದ ಕಡೆ ರಿಜಿಸ್ಟರಿನಲ್ಲಿ ಹದಿನೈದು ದಿನವೂ ‘55’ ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಬಿದ್ದದ್ದು ಹೇಗೆ?

ಸಾಕಾಯಿತು ಈ ತಮಾಷೆ. ಆ ಗೊಬ್ಬರವನ್ನು ಬರಿಗೈಯಲ್ಲಿ ಬುಟ್ಟಿಗೆ ತುಂಬುವುದು ತೋಟದ ಕೂಲಿಗಳ ಲೈನ್ ಮನೆಯ ಹೆಂಗಸರು. ಜಂತು ಸೇರುವುದು ಅವರ ಮಕ್ಕಳ ಹೊಟ್ಟೆಗೆ. ಸಹಿ ಹಾಕಿದವರ ಮಕ್ಕಳ ಹೊಟ್ಟೆಗಲ್ಲ. ಮಿಕ್ಕದ್ದು ತೋಡು ಹಿಡಿದು ಕಾವೇರಿಗೆ. ಸೂರು ಹಾಕಿ. ಹಾಕಲಾಗದಿದ್ದರೆ ಮಳೆ ಮುಗಿಯುವವರೆಗೆ ಮುಚ್ಚಿದ ತೊಟ್ಟಿಯಲ್ಲಿಡಿ, ಜನವರಿಯಲ್ಲಿ ರಾಶಿ ಹಾಕಿ. ಲ್ಯಾಬ್ ವರದಿ ಕೈಗೆ ಬರುವ ತನಕ ಒಂದು ಚೀಲವನ್ನೂ ಹೊರಗೆ ಬಿಡಬೇಡಿ.