ಅಡಿಕೆ ಕೊಯ್ಲೂ ಒಂದು ಪೀಸ್ ಲಿಲಿಯೂ

ಮಲೆನಾಡಿನಲ್ಲಿ ಗಿಡ ಸಾಯಿಸುವುದು ಸುಲಭದ ಕೆಲಸ ಅಲ್ಲ. ಬೇಲಿಗೆ ಅಂತ ನೆಟ್ಟ ಗೂಟ ಚಿಗುರುತ್ತದೆ, ಹೆಂಚಿನ ಸಂದಿಯಲ್ಲಿ ಜರಿಗಿಡ ಹುಟ್ಟುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಮೇಲೂ ಏನೋ ಒಂದು ಹಸಿರು ಬೆಳೆದಿರುತ್ತದೆ. ಅಂಥ ಜಾಗದಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯೊಳಗೆ, ಶಿವಮೊಗ್ಗದಿಂದ ದುಡ್ಡು ಕೊಟ್ಟು ತಂದ ಗಿಡಗಳು ಮಾತ್ರ ಡಿಸೆಂಬರ್ ಬಂತು ಅಂದರೆ ಒಂದೊಂದಾಗಿ ಮಲಗುತ್ತವೆ. ತೋಟದಲ್ಲಿ ಅಡಿಕೆ ಮರ ಹತ್ತಿದ ಮನಿ ಪ್ಲಾಂಟ್‌ನ ಎಲೆ ಮೊರದಷ್ಟು ಅಗಲ. ಅದರದ್ದೇ ಒಂದು ತುಂಡು ಒಳಗೆ ಬಾಟಲಿಯಲ್ಲಿ ಮೂರೇ ಎಲೆ ಇಟ್ಟುಕೊಂಡು ಹೇಗೋ ದಿನ ದೂಡುತ್ತಿದೆ.

"ಇಂಡೋರ್ ಪ್ಲಾಂಟ್ ಮೇಡಂ, ಬಿಸಿಲೇ ಬೇಡ" ಅಂದಿದ್ದ ನರ್ಸರಿಯವನು. ಪಾಪ, ಅವನು ನಮ್ಮ ಮನೆ ನೋಡಿಲ್ಲ. ಹಳೇ ಕಾಲದವರು ಮನೆ ಕಟ್ಟಿದ್ದೇ ಮಳೆಗೆ ಹೆದರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಅದರ ನೆರೆಯವರು ನಾವು, ಹಾಗಾಗಿ ಸೂರು ಎಷ್ಟು ಕೆಳಗಿದೆ ಅಂದರೆ ಬಂದವರೆಲ್ಲ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನೀರು ಬರಲ್ಲ ನಿಜ, ಬೆಳಕೂ ಬರಲ್ಲ. ನಡುಮನೆಯಲ್ಲಿ ಮಟಮಟ ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲಿಕ್ಕೂ ಲೈಟ್ ಹಾಕಬೇಕು. ಅವನು ಕೊಟ್ಟ ಪೀಸ್ ಲಿಲಿ ಮೂಲದಲ್ಲಿ ದಕ್ಷಿಣ ಅಮೆರಿಕದ ಮಳೆಕಾಡಿನ ನೆಲದಲ್ಲಿ ಬೆಳೆಯುವ ಗಿಡ. ಅದಕ್ಕೆ ನೆರಳು ಇಷ್ಟ, ಸರಿ. ಆದರೆ ಕಾಡಿನ ನೆರಳು ಅಂದರೆ ದಿನವಿಡೀ ಎಲೆ ಸಂದಿಯಿಂದ ಬೆಳಕು ಸೋರುತ್ತಲೇ ಇರುವ ನೆರಳು, ನಮ್ಮ ನಡುಮನೆಯ ಕತ್ತಲೆ ಅಲ್ಲ. ನಮ್ಮ ಕಣ್ಣು ಕತ್ತಲೆಗೆ ಒಗ್ಗಿಹೋಗುತ್ತದೆ, ಎಲೆ ಒಗ್ಗಲ್ಲ.

ಇರುವುದು ಒಂದೇ ಒಂದು ಗಾಜಿನ ಹೆಂಚು. ಬೇಸಿಗೆಯಲ್ಲಿ ಅದರಿಂದ ಬೀಳುವ ಬಿಸಿಲಿನ ಚೌಕ ನೋಡಿಕೊಂಡು ಅಲ್ಲೇ ಕುಂಡ ಇಟ್ಟಿದ್ದೆವು. ಡಿಸೆಂಬರಿಗೆ ಸೂರ್ಯ ತೆಂಕಲಿಗೆ ವಾಲಿದ, ಬಿಸಿಲಿನ ಚೌಕ ಬಡಗಲಿಗೆ ಸರಿದು ಗೋಡೆ ಹತ್ತಿತು. ಈಗ ಆ ಬಿಸಿಲನ್ನು ಪೂರ್ತಿ ಅನುಭವಿಸುತ್ತಿರುವುದು ಸಹಕಾರ ಸಂಘದ ಕ್ಯಾಲೆಂಡರ್. ಸಾಲದ್ದಕ್ಕೆ ಜೂನ್ ತಿಂಗಳಿಗಿಂತ ಹಗಲು ಒಂದೂವರೆ ಗಂಟೆಯಷ್ಟು ಗಿಡ್ಡ.

ಚಳಿಗಾಲದ ಎಳೆ ಬಿಸಿಲು ಓರೆಯಾಗಿ ಒಳಗೆ ಬರುವುದು ಜಗಲಿಗೆ. ಕುಂಡ ಅಲ್ಲಿ ಇಟ್ಟರೆ ಆಯ್ತು, ಅಲ್ವಾ? ಆಗಲ್ಲ. ಅಡಿಕೆ ಕೊಯ್ಲು. ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವವರು, ಸಿಪ್ಪೆ ರಾಶಿ, ಚೀಲ, ರೇಡಿಯೋ. ಅಂಗಳದ ತುಂಬಾ ಅಡಿಕೆ ಒಣಗಿಸುವ ಚಪ್ಪರ, ಹಾಗಾಗಿ ಇದ್ದ ಬೆಳಕೂ ಅಡಿಕೆಗೇ. ವರ್ಷದ ಅನ್ನ ಕೊಡುವ ಅಡಿಕೆಗೆ ಸ್ವಲ್ಪ ಸರಿದು ಕೂರು ಅಂತ ಯಾರು ಹೇಳುತ್ತಾರೆ!

ಮಳೆಗಾಲದಲ್ಲಿ ಇದಕ್ಕಿಂತ ಕತ್ತಲೆ ಇರುತ್ತದಲ್ಲ, ಆಗ ಗಿಡ ಹೇಗೆ ಬದುಕಿತ್ತು ಅಂತ ನೀವು ಕೇಳಬಹುದು. ಆಗ ಗಾಳಿಯಲ್ಲೇ ತೇವ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ನೀರು ಕಂಡರೇ ಬೇಜಾರು. ಒಬ್ಬರೂ ಗಿಡಕ್ಕೆ ನೀರು ಹಾಕುವುದಿಲ್ಲ.

ಡಿಸೆಂಬರಿನಲ್ಲಿ ಗಾಳಿ ಒಣಗುತ್ತದೆ, ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಲಿಲಿಯ ಎಲೆ ತುದಿ ಕಂದಾಗುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಮಿರಿಮಿರಿ ಮಿಂಚುತ್ತಿದ್ದವು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿದ್ದರು. "ನಿನ್ನ ತುಟಿಗೆ ಹಚ್ಕೊಳ್ತೀಯಲ್ಲ, ಅದಕ್ಕೂ ಒಣಗಿತ್ತು, ಹಚ್ಚಿದೆ." ಎಲೆಯಲ್ಲಿ ಉಸಿರಾಡುವ ಸಣ್ಣ ಸಣ್ಣ ರಂಧ್ರ ಇರುತ್ತವೆ, ಎಣ್ಣೆ ಹಚ್ಚಿದರೆ ಮುಚ್ಚಿಹೋಗುತ್ತವೆ ಅಂದೆ. ಸಂಜೆಯೊಳಗೆ ಸುಲಿಯುವವರ ಕಡೆಯ ದೂಳು, ಬಚ್ಚಲ ಒಲೆಯ ಮಸಿ ಎಲ್ಲ ಅಂಟಿಕೊಂಡು ಗಿಡ ಕರಿಬಣ್ಣಕ್ಕೆ ತಿರುಗಿತು. ಅದನ್ನು ಒಂದೊಂದೇ ಎಲೆ ಹಿಡಿದು ಒರೆಸಿ ತೆಗೆಯುವ ಹೊತ್ತಿಗೆ ನನ್ನ ತುಟಿ ಇನ್ನಷ್ಟು ಒಡೆದಿತ್ತು.

ಆದರೂ ಎಣ್ಣೆಯಿಂದ ಗಿಡ ಸಾಯುತ್ತಿರಲಿಲ್ಲ. ಕೊಲ್ಲಲು ಹೊರಟದ್ದು ಪ್ರೀತಿ. ಬೆಳಕು ಕಡಿಮೆ, ಚಳಿ ಜಾಸ್ತಿ ಅಂದರೆ ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ, ನೀರು ಕುಡಿಯುವುದೂ ಅಷ್ಟಕ್ಕಷ್ಟೇ. ಕುಂಡದಲ್ಲಿರುವುದು ಕೋಕೋಪೀಟ್, ತೆಂಗಿನ ನಾರಿನ ಪುಡಿ. ಒಣ ಗಾಳಿಗೆ ಮೇಲುಗಡೆ ಗರಿಗರಿ, ಒಳಗೆ ಹಿಂಡಿದರೆ ನೀರು. ಮೇಲಿನದ್ದು ನೋಡಿ ಅತ್ತೆ ಅಕ್ಕಿ ತೊಳೆದ ನೀರು ಹಾಕುತ್ತಾರೆ. ಚಳಿಗೆ ತಣ್ಣೀರು ಪಾಪ ಅಂತ ಮಾವ ಹಂಡೆಯಿಂದ ಉಗುರು ಬೆಚ್ಚಗಿನದ್ದು ತರುತ್ತಾರೆ. ನಮ್ಮೆಜಮಾನರು ಫೋನಿನಲ್ಲಿ ಮಾತಾಡುತ್ತಾ ಬಾಟಲಿಯಲ್ಲಿ ಉಳಿದದ್ದನ್ನು ಬಗ್ಗಿಸುತ್ತಾರೆ. ಸುಲಿಯಲು ಬಂದವರು ಚೆಂಬಿನಲ್ಲಿ ಮಿಕ್ಕಿದ್ದು ಸುಮ್ನೆ ಯಾಕೆ ಚೆಲ್ಲುವುದು ಅಂತ ಅಲ್ಲೇ ಹೊಯ್ಯುತ್ತಾರೆ. ಯಾರೂ ಯಾರಿಗೂ ಹೇಳುವುದಿಲ್ಲ. ಈ ಲಿಲಿಯ ದೊಡ್ಡ ದುರ್ಗುಣ ಏನೆಂದರೆ, ಬಾಯಾರಿದರೂ ಎಲೆ ಜೋಲು ಬಿಡುತ್ತದೆ, ಬೇರು ಕೊಳೆತರೂ ಎಲೆ ಜೋಲು ಬಿಡುತ್ತದೆ. ಜೋಲು ಬಿದ್ದದ್ದು ನೋಡಿದವರೆಲ್ಲ "ಅಯ್ಯೋ" ಅಂದು ಇನ್ನೊಂದು ಚೆಂಬು.

ಕೊನೆಗೆ ಮಾವ ಒಂದು ದಿನ ಬಗ್ಗಿ ಮಣ್ಣು ಮೂಸಿದರು. "ಕೊಳೆ ಬಂದಿದೆ!" ಇಡೀ ಆಯುಷ್ಯ ತೋಟದಲ್ಲಿ ಕೊಳೆರೋಗದ ಜೊತೆ ಗುದ್ದಾಡಿದ ಮೂಗು ಅದು, ತಪ್ಪಲ್ಲ. ಗಿಡ ಹೊರಗೆಳೆದರೆ ಬೇರು ಕಂದು, ಮೆತ್ತಗೆ. ಎರಡು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ನೂಲಿನಂಥ ಎಳೆ ಅಲ್ಲೇ ಉಳಿಯಿತು. ಆಮೇಲೆ ನರ್ಸರಿಯವನು ಗಿಡದ ಜೊತೆಗೇ ಕೊಟ್ಟ ಬಿಳೀ ಪಿಂಗಾಣಿ ಕುಂಡವನ್ನು ಮಗುಚಿ ನೋಡಿದರು. ಅಡಿಯಲ್ಲಿ ತೂತೇ ಇಲ್ಲ. "ಅಲ್ಲ ಮಾರಾಯ್ತಿ, ಬಸಿಗಾಲುವೆನೇ ಇಲ್ದೆ ತೋಟ ಮಾರ್ತಾನಾ ಅವ್ನು? ಮತ್ತೆ ಇಷ್ಟು ನೀರು ಹೊಯ್ದಿದ್ಯಾರು?" ಎಲ್ಲರೂ ಮಾಡಿನ ಕಡೆ ನೋಡಿದೆವು. ಮಾವನೂ ನೋಡಿದರು.

ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಮಣ್ಣು ಹಾಕಿ, ತೂತಿರುವ ಡಾಲ್ಡಾ ಡಬ್ಬಿಗೆ ಗಿಡ ಬದಲಾಯಿಸಿ ಅಡುಗೆಮನೆ ಕಿಟಕಿಗೆ ಇಟ್ಟೆವು. ಎರಡು ಗೆಣ್ಣು ಬೆರಳು ಒಳಗೆ ಹಾಕಿ ನೋಡಬೇಕು, ಅಲ್ಲೂ ಒಣಗಿದ್ದರೆ ಮಾತ್ರ ನೀರು ಅಂತ ಮನೆಗೆಲ್ಲ ಮಾವನದೇ ಆರ್ಡರ್. ಅಂದಿನಿಂದ ನೀರು ಹಾಕುವವರು ಒಬ್ಬರೂ ಇಲ್ಲ. ಬದಲಿಗೆ ಆ ದಾರಿಯಲ್ಲಿ ಹೋದವರೆಲ್ಲ ಬೆರಳು ಹಾಕುತ್ತಾರೆ. ಅತ್ತೆ ಹಾಲು ಕಾಯುವವರೆಗೆ ನಿಂತಲ್ಲೇ ಒಮ್ಮೆ, ಮಾವ ಕಾಫಿಗೆ ಬಂದಾಗ ಒಮ್ಮೆ, ಸುಲಿಯುವವರು ನೀರು ಕುಡಿಯಲು ಬಂದಾಗ ಸರದಿ ಪ್ರಕಾರ. ಗಿಡದ ಸುತ್ತ ಈಗ ಇಲಿ ಬಿಲದ ಹಾಗೆ ತೂತುಗಳು, ಬುಡ ಅಲುಗಾಡುತ್ತಿದೆ. ಮೊನ್ನೆ ಪೋಸ್ಟ್ ಕೊಡಲು ಬಂದವರೂ ಕಿಟಕಿಯಿಂದ ಕೈ ತೂರಿಸಿ ನೋಡಿ, "ಇನ್ನೂ ಹಸಿ ಇದೆ ಅಕ್ಕ, ನಾಳೆ ನೋಡ್ತೀನಿ" ಅಂದು ಸೈಕಲ್ ಹತ್ತಿದರು.