ಏನೂ ಆಗಲಿಲ್ಲಲ್ಲ ಸರ್!

ಕಬಡ್ಡಿ ಮೈದಾನದ ಹಿಂದಿನ ಗೇಟಿನ ಚಾವಿ ಯಾರ ಕಡೆ ಐತಿ ಅಂತ ಸಂಜಿ ಐದಕ್ಕ ಒಮ್ಮೆ ಕೇಳಿದೆ, ಏಳಕ್ಕ ಒಮ್ಮೆ ಕೇಳಿದೆ, ಒಂಬತ್ತಕ್ಕ ಮತ್ತ ಕೇಳಿದೆ. ಮೂರು ಸಲಾನೂ ಬ್ಯಾರೆ ಬ್ಯಾರೆ ಹೆಸರು ಹೇಳಿದ್ರು. ಹತ್ತೂವರಿಗೆ ಕರೆಂಟ್ ಹೋದಾಗ ಗೊತ್ತಾತು, ಚಾವಿ ಇಟ್ಕೊಂಡಾಂವ ಮುಖ್ಯ ಅತಿಥಿಗಳನ್ನ ಕರ್ಕೊಂಡು ಬರಾಕ ಜಮಖಂಡಿಗೆ ಹೋಗ್ಯಾನ ಅಂತ. ಇಲ್ಲಿ ಮೂರು ಸಾವಿರ ಮಂದಿ ಕತ್ತಲಾಗ ನಿಂತಾರ, ಚಾವಿ ಅವನ ಪ್ಯಾಂಟಿನ ಕಿಸೆದಾಗ ಕುಂತು ಕಾರಿನಾಗ ತಿರಗಾಡಾಕತ್ತೈತಿ.

ನಾನು ಹೈಸ್ಕೂಲಿನ ಪಿ.ಇ. ಮಾಸ್ತರ. ಬಾಗಲಕೋಟಿ ಜಿಲ್ಲಾದಾಗ ಇಪ್ಪತ್ತೆರಡು ವರ್ಷದಿಂದ ಸೀಟಿ ಊದಾಕತ್ತೀನಿ. ಸುತ್ತಮುತ್ತ ಎಲ್ಲಿ ಹೊನಲು ಬೆಳಕಿನ ಕಬಡ್ಡಿ ಇದ್ರೂ "ಸರ್, ಗ್ರೌಂಡ್ ನೀವ ನೋಡ್ಕೋಬೇಕ್ರಿ" ಅಂತ ಫೋನ್ ಬರ್ತೈತಿ. ನೋಡ್ಕೋದು ಅಂದ್ರ ಮ್ಯಾಟ್ ಹಾಸಿಸೋದು, ಟೀಮುಗಳ ಚೀಟಿ ಎತ್ತಿಸೋದು, ಜಗಳ ಆದ್ರ ನಡುವ ಹೋಗಿ ಎರಡೂ ಕಡೆಯವ್ರಿಂದ ಬೈಸ್ಕೊಳ್ಳೋದು. ಗ್ಯಾಲರಿ ಹೆಂಗ ಕಟ್ಟಬೇಕು, ಗೇಟ್ ಎಷ್ಟಿರಬೇಕು, ವೈರ್ ಎಲ್ಲಿ ಹಾಯಬೇಕು ಅಂತ ಬಾಯಿ ತೆಗದ್ರ ಮಾತ್ರ, "ಅದೆಲ್ಲಾ ಕಮಿಟಿಯವ್ರು ನೋಡ್ಕೋತಾರ ಬಿಡ್ರಿ ಸರ್."

ಕಮಿಟಿಯವ್ರು ಏನ್ ನೋಡ್ಕೊಂಡ್ರು ಹೇಳ್ತೀನಿ. ಶಾಲು, ಪೇಟಾ, ನೆನಪಿನ ಕಾಣಿಕೆ. ಸ್ಟೇಜಿನ ಮ್ಯಾಲೆ ಸೋಫಾ, ಸೋಫಾದ ಮುಂದ ಕೂಲರ್. ಅತಿಥಿಗಳ ಮ್ಯಾಲೆ ಹೂವು ಸುರಿಯಾಕ ಒಂದು ಜೆಸಿಬಿ. ಆ ಸ್ಟೇಜಿಗೆ ಜಾಗಾ ಸಾಲಲಿಲ್ಲ ಅಂತ ಕೋರ್ಟನ್ನ ಆ ಕಡೆ ಸರಿಸಿದ್ರು! ಗಂಡಸರ ಕಬಡ್ಡಿ ಕೋರ್ಟ್ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರ ಸುತ್ತ ಖಾಲಿ ಜಾಗಾ ಬೇಕು, ಯಾಕಂದ್ರ ಕಬಡ್ಡ್ಯಾಗ ಯಾರೂ ಗೆರಿ ನೋಡ್ಕೊಂಡು ಬೀಳಂಗಿಲ್ಲ. ಏಳು ಮಂದಿ ಸೇರಿ ಒಬ್ಬನ್ನ ಎತ್ತಿ ಹೊರಗ ಒಗಿತಾರ. ನಮ್ಮಲ್ಲಿ ಎಂಡ್ ಲೈನಿನಿಂದ ಎರಡ ಫೂಟಿಗೆ ಸ್ಪೀಕರ್ ಬಾಕ್ಸ್. ಎರಡನೇ ಮ್ಯಾಚಿನಾಗ ಒಬ್ಬ ರೈಡರ್ ಅದರ ಮೂಲಿಗೆ ಬಡದು ಹುಬ್ಬು ಒಡಕೊಂಡ. ಬಾಕ್ಸ್ ಸರಸ್ರಿ ಅಂದ್ರ ಸೌಂಡಿನಾಂವ "ವೈರ್ ಸಾಲೂದಿಲ್ರಿ" ಅಂದ. ಹುಡುಗನ ಹುಬ್ಬಿಗೆ ಅರಿಷಿಣ ಒತ್ತಿ, ಅರಬಿ ಸುತ್ತಿ, ಮತ್ತ ಒಳಗ ಕಳಿಸಿದ್ರು. ಬಾಕ್ಸ್ ಅಲ್ಲೇ ಉಳೀತು.

ಆಂಬುಲೆನ್ಸ್ ಇದ್ದಿಲ್ಲೇನು ಅಂತೀರಿ? ಇತ್ತು. ಸ್ಟೇಜಿನ ಹಿಂದ ಇತ್ತು. ಅದರ ಮುಂದ ನಾಲ್ಕು ಕಾರು, ಕಾರಿನ ಮುಂದ ಎರಡು ಖಾಲಿ ಕಬ್ಬಿನ ಟ್ರೇಲರ್. ಡ್ರೈವರ್ ಗ್ಯಾಲರಿ ಮ್ಯಾಲೆ ಕುಂತು ಶೇಂಗಾ ತಿಂತಿದ್ದ.

ಇನ್ನ ಗ್ಯಾಲರಿ. ಅದನ್ನ ಕಟ್ಟಿದಾಂವ ಮದುವಿ ಪೆಂಡಾಲ್ ಹಾಕಾಂವ. ಅವನಿಗೆ ಬೈಯಂಗಿಲ್ಲ ನಾನು, ಪೆಂಡಾಲಿನ ಮ್ಯಾಲೆ ಹತ್ತಿ ಯಾರೂ ಕುಣಿಯಂಗಿಲ್ಲಲ್ಲ. ಅದು ಎರಿ ಹೊಲ. ಎರಿ ಮಣ್ಣು ಒಣಗಿದ್ರ ಕೈ ಹೋಗುವಷ್ಟು ಬಿರಿತೈತಿ, ನೀರು ಕುಡದ್ರ ಉಬ್ಬಿ ಮೆತ್ತಗ ಆಗತೈತಿ. ಹಿಂದಿನ ದಿವಸ ಧೂಳ ಕುಂದ್ರಲಿ ಅಂತ ಎರಡು ಟ್ಯಾಂಕರ್ ನೀರು ಹೊಡ್ದಿದ್ರು. ಬೊಂಬಿನ ಬುಡಕ್ಕ ಒಂದೊಂದ ಇಟ್ಟಂಗಿ. ನಾ ಮೊಬೈಲ್ ಬ್ಯಾಟರಿ ಹಚ್ಚಿ ಕೆಳಗ ಹೊಕ್ಕು ನೋಡಿದೆ. ಮೂರನೇ ಸಾಲಿನಾಗ ಒಂದು ಇಟ್ಟಂಗಿ ಎರಡು ಹೋಳಾಗಿ, ಒಂದು ಹೋಳು ಮಣ್ಣಾಗ ಹುಗದು, ಬೊಂಬಿನ ಬುಡ ನೆಲಾ ಬಿಟ್ಟು ನಾಲ್ಕು ಬೆರಳು ಮ್ಯಾಲೆ ನಿಂತಿತ್ತು. ಅಂದ್ರ ಅದರ ಭಾರ ಎಲ್ಲಾ ಬಾಜೂದ ಬೊಂಬಿನ ಮ್ಯಾಲೆ. ಓರೆಯಾಗಿ ಬಿಗಿದ ಬೊಂಬು ಒಂದೂ ಇಲ್ಲ. ಹಿಂದ ಮಿರ್ಚಿ ಭಜಿ ಅಂಗಡಿ, ಗ್ಯಾಲರಿ ಹಲಗಿ ಕೆಳಗ ಗ್ಯಾಸ್ ಸಿಲಿಂಡರ್, ಅದರ ಸುತ್ತ ಕಬ್ಬಿನ ಒಣಾ ರವದಿ.

2021ರ ಮಾರ್ಚಿನಾಗ ತೆಲಂಗಾಣದ ಸೂರ್ಯಾಪೇಟದಾಗ ಜೂನಿಯರ್ ರಾಷ್ಟ್ರೀಯ ಕಬಡ್ಡಿ ಟೂರ್ನಮೆಂಟಿನ ಗ್ಯಾಲರಿ ಹಿಂಗ ಕುಸದು ನೂರಕ್ಕೂ ಹೆಚ್ಚು ಮಂದಿಗೆ ಪೆಟ್ಟಾಗಿತ್ತು ಅಂತ ಕಮಿಟಿಯವ್ರಿಗೆ ಹೇಳಿದೆ. "ಅದು ರಾಷ್ಟ್ರಮಟ್ಟದ್ದು ಸರ್, ನಮ್ದು ಬರೇ ಓಪನ್" ಅಂದ ಒಬ್ಬ. ಬೊಂಬಿಗೆ ಮಟ್ಟ ಗೊತ್ತಾಗತೈತೇನೋ ತಮ್ಮಾ?

ಹಿಂದಿನ ಗೇಟಿಗೆ ಕೀಲಿ ಯಾಕ ಹಾಕೀರಿ ಅಂದ್ರ, "ಟಿಕೀಟ್ ಇಲ್ದ ಒಳಗ ನುಗ್ತಾರ್ರಿ." ಮುಂದಿನ ಗೇಟ್ ಆರು ಫೂಟು, ಅಂದ್ರ ಸುಮಾರು 1.8 ಮೀಟರ್. ಇಂಗ್ಲೆಂಡಿನವ್ರ ಗ್ರೀನ್ ಗೈಡ್ ಅಂತ ಒಂದು ಐತಿ, ಕ್ರೀಡಾಂಗಣದ ಸುರಕ್ಷತೆಗೆ ಬರದದ್ದು. ಸಪಾಟ ನೆಲದ ಮ್ಯಾಲೆ ಒಂದು ಮೀಟರ್ ಅಗಲದ ದಾರ್‍ಯಾಗ ನಿಮಿಷಕ್ಕ 82 ಮಂದಿ ದಾಟಬಹುದು, ಮಂದಿ ಎಲ್ಲಾ ಎಂಟು ನಿಮಿಷದೊಳಗ ಹೊರದಾರಿ ಸೇರಬೇಕು ಅಂತ ಅದರ ಲೆಕ್ಕ. ನಮ್ಮ ಆರು ಫೂಟಿನ ಗೇಟಿನಾಗ ಎಂಟು ನಿಮಿಷಕ್ಕ ಹೆಚ್ಚಂದ್ರ 1,200 ಮಂದಿ. ಉಳಿದ 1,800 ಮಂದಿ ಏನ್ ಮಾಡಬೇಕು? ಅದೂ ಸಾಲಾಗಿ ಸಮಾಧಾನಲೆ ಹೋದ್ರ ಮಾತ್ರ. ಕತ್ತಲಾಗ ನಮ್ಮ ಮಂದಿ ಸಾಲು ಹಚ್ಚತಾರೇನು? ಈ ಲೆಕ್ಕಾ ಸ್ಕೋರ್ ಶೀಟಿನ ಹಿಂದ ಬರದು ಅಧ್ಯಕ್ಷರ ಕೈಯಾಗ ಕೊಟ್ಟೆ. ಅವ್ರು ಅದರ ಮ್ಯಾಲೆ ಅತಿಥಿಗಳ ಹೆಸರು ಬರಕೊಂಡ್ರು.

ಮೊದಲು ನನಗೂ ಇದೆಲ್ಲಾ ಗೊತ್ತಿದ್ದಿಲ್ಲ, ಸುಳ್ಳ ಯಾಕ ಹೇಳ್ಲಿ. 2025ರ ಜೂನ್ 4ಕ್ಕ ಬೆಂಗಳೂರಾಗ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ರ ಹನ್ನೊಂದು ಜೀವ ಹೋದ್ವಲ್ಲ, ಅವತ್ತಿನಿಂದ ಓದಾಕ ಹತ್ತಿದೆ. ಅವ್ರು ಮ್ಯಾಚಿಗೂ ಬಂದವ್ರಲ್ಲ, ಆರ್‌ಸಿಬಿ ಗೆದ್ದ ಐಪಿಎಲ್ ಕಪ್ ನೋಡಾಕ ಬಂದವ್ರು. ಓದ್ತಾ ಓದ್ತಾ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಕ್ತು, 1985ರ ಮೇ 11. ಕಟಗಿ ಗ್ಯಾಲರಿ ಕೆಳಗ ವರ್ಷಗಟ್ಟಲೆ ಬಿದ್ದ ಕಾಗದ ಕಸಕ್ಕ ಬೆಂಕಿ ಹತ್ತಿ ಐದು ನಿಮಿಷದೊಳಗ ಪೂರಾ ಉರೀತು, 56 ಮಂದಿ ಸತ್ರು. ಹಿಂದಕ್ಕ ಓಡಿದವ್ರಿಗೆ ಬಾಗಿಲಕ್ಕ ಕೀಲಿ. ಮುಂದ ಮೈದಾನಕ್ಕ ಜಿಗಿದವ್ರು ಉಳಕೊಂಡ್ರು, ಯಾಕಂದ್ರ ಅಲ್ಲಿ ಬೇಲಿ ಇದ್ದಿಲ್ಲ. ಇದನ್ನ ಓದಿದ ಮ್ಯಾಲೆ ಆ ಸಿಲಿಂಡರ್ ನೋಡಿದ್ರ ನನಗ ನಿದ್ದಿ ಹೆಂಗ ಬರಬೇಕು?

ಹತ್ತೂವರಿಗೆ ಕರೆಂಟ್ ಹೋತು. ಜನರೇಟರ್ ಇತ್ತು, ಅದನ್ನ ಚಾಲೂ ಮಾಡಾಂವ ಸಿಗಲಿಲ್ಲ. ಯಾರೋ ಗ್ಯಾಲರಿ ಮ್ಯಾಲಿಂದ "ಬಿತ್ತೋ!" ಅಂತ ಚಾಷ್ಟಿಗೆ ಒದರಿದ. ಅಷ್ಟ ಸಾಕಾತು. ಮಂದಿ ಗೇಟಿನ ಕಡೆ ನುಗ್ಗಿದ್ರು. ನಾ ಹಿಂದಿನ ಗೇಟಿಗೆ ಓಡಿ ಕಲ್ಲು ತಗೊಂಡು ಕೀಲಿ ಜಜ್ಜಿದೆ. ಹೊಸಾ ಕೀಲಿ ರೀ, ಒಂದಿಷ್ಟೂ ಜಗ್ಗಲಿಲ್ಲ. ಕಮಿಟಿಯವ್ರು ಪಕ್ಕಾ ಮಾಲ್ ತಂದದ್ದು ಅದೊಂದ. ನಾಲ್ಕೈದು ನಿಮಿಷಕ್ಕ ಲೈಟ್ ಬಂತು, ಎಲ್ಲಾರೂ ಸೀಟಿ ಹೊಡದ್ರು, ಹಲಗಿ ಬಾರಿಸಿದ್ರು. ಗೇಟಿನ ಕಂಬದ ಬುಡಕ್ಕ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಕುಂತಿದ್ದ. ಅಳಾಕತ್ತಿರಲಿಲ್ಲ, ಬಲಗೈ ಎಡಗೈಯಿಂದ ಹಿಡಕೊಂಡು ಅದನ್ನ ನೋಡಾಕತ್ತಿದ್ದ. ಮೊಣಕೈ ಕೆಳಗ ಕೈ ವಾರಿ ಆಗಿತ್ತು. ಸ್ಕೋರ್ ಬರಿಯೋ ಪ್ಯಾಡ್ ಇಟ್ಟು, ನನ್ನ ಟಾವೆಲಿನಿಂದ ಕಟ್ಟಿ, ಮೋಟರ್ ಸೈಕಲ್ ಮ್ಯಾಲೆ ಕಳಿಸಿದೆ. ಆಂಬುಲೆನ್ಸ್ ಹೊರಗ ಬರಾಕ ದಾರಿ ಇದ್ದಿಲ್ಲಲ್ಲ.

ಅಷ್ಟೊತ್ತಿಗೆ ಅತಿಥಿಗಳ ಕಾರು ಬಂತು. ಪಟಾಕಿ. ಹೂವು. ಚಾವಿಯಾಂವ ಕೆಳಗ ಇಳದು, ನನ್ನ ಕೈಯಾಗಿನ ಕಲ್ಲು ನೋಡಿ, "ಯಾಕ್ರಿ ಸರ್, ಚಾವಿ ಬೇಕಾಗಿತ್ತೇನ್ರಿ?"

ಮರುದಿವಸ ಹಿಶೇಬಿಗೆ ಕುಂತಾಗ ನಾ ಬೈದೆ, ಖರೇನ ಬೈದೆ. "ಏನೂ ಆಗಲಿಲ್ಲಲ್ಲ ಸರ್, ಕಾರ್ಯಕ್ರಮ ಛಲೋ ಆತಲ್ಲ" ಅಂದ್ರು. ಹುಡುಗನ ಕೈ "ಏನೂ ಇಲ್ಲ"ದ ಖಾತೆಗೆ ಹೋತು. ಅವರಪ್ಪ ಕಬ್ಬು ಕಡಿಯಾಕ ಹೋಗಾಂವ, ಪ್ಲಾಸ್ಟರಿನ ರೊಕ್ಕ ತಾನ ಕೊಟ್ಟಾನ. ಪರವಾನಗಿ ಪತ್ರದಾಗ "ಸಂಘಟಕರೇ ಜವಾಬ್ದಾರರು" ಅಂತೈತಿ. ಪಾಂಪ್ಲೆಟ್‌ನ್ಯಾಗ ಸಂಘಟಕರು ಅಂತ ನಲವತ್ತೊಂದು ಹೆಸರದಾವ. ಯಾರನ್ನ ಕೇಳ್ಲಿ? ನಾ ಬೇಡಿದ್ದು ಏನು? ಆ ಗೇಟಿಗೆ ಕೀಲಿ ಬ್ಯಾಡ, ಒಬ್ಬ ಹುಡುಗನ್ನ ನಿಲ್ಲಸ್ರಿ, ರಾತ್ರಿಗೆ ಐನೂರು ಪಗಾರ ಕೊಡ್ರಿ ಅಂತ. ಎರಡು ಶಾಲಿನ ರೊಕ್ಕ ಅದು. ಶಾಲು ಹೊದಿಸಿದ್ರ ಫೋಟೋ ಬರ್ತೈತಿ, ಗೇಟಿನಾಗ ಹುಡುಗ ನಿಂತ್ರ ಯಾವ ಫೋಟೋ?

ಮೊನ್ನೆ ಮತ್ತ ಫೋನ್ ಬಂತು. ಈ ಸಲ ಎರಡು ದಿವಸ ಅಂತ, ಮೊದಲ ಬಹುಮಾನ 51,001 ರೂಪಾಯಿ ಅಂತ, "ಮೈದಾನ ವ್ಯವಸ್ಥೆ" ಅಂತ ನನ್ನ ಹೆಸರು ಆಗಲೇ ಪ್ರಿಂಟ್ ಆಗೇತಿ ಅಂತ. ಬರ್ತೀನಿ, ಆದ್ರ ಚಾವಿ ನನ್ನ ಕೈಯಾಗ ಕೊಡಬೇಕು ಅಂದೆ.

"ಯಾವ ಚಾವಿ ಸರ್?"