ಸತ್ಯಾಂಶ: ಒಂದೇ ಏಟಿಗೆ ಮೆದುಳಿನ ವಯಸ್ಸು ಗೊತ್ತಾಗುತ್ತಾ?

‘ತಲೆಗೆ ಮ್ಯಾಗ್ನೆಟ್ ಹಿಡಿದರೆ ಸಾಕು, ಮೆದುಳಿಗೆ ಎಷ್ಟು ವಯಸ್ಸಾಗಿದೆ ಅಂತ ಗೊತ್ತಾಗುತ್ತದೆ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಯಂತ್ರ ನಿಜ, ಮಾತು ಸುಳ್ಳು.

ಇದು ಟಿಎಂಎಸ್, ಅಂದರೆ ತಲೆಯ ಹೊರಗಿನಿಂದಲೇ ಮ್ಯಾಗ್ನೆಟ್‌ನ ಏಟು ಕೊಟ್ಟು ಮೆದುಳನ್ನು ಪ್ರಚೋದಿಸುವ ವಿಧಾನ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ತಂಡ ಮೊದಲು ತೋರಿಸಿತು. ನೆತ್ತಿಯ ಪಕ್ಕ ಕಾಯಿಲ್ (ತಂತಿಯ ಸುರುಳಿ) ಇಟ್ಟು ಟಕ್ ಅಂತ ಒಂದು ಏಟು ಕೊಟ್ಟರೆ ಎದುರು ಬದಿಯ ಹೆಬ್ಬೆರಳು ತಾನಾಗಿ ಅದುರುತ್ತದೆ. ಆ ಸ್ನಾಯುವಿನ ಸಿಗ್ನಲ್ ಅಳೆಯುತ್ತಾರೆ. ಅದೇ ಕೈ, ಅದೇ ಜಾಗ, ಅದೇ ಜೋರು ಇದ್ದರೂ ಸಿಗ್ನಲ್ ಒಮ್ಮೆ ದೊಡ್ಡದು, ಮತ್ತೊಮ್ಮೆ ಚಿಕ್ಕದು. ಕೈ ತುಸು ಬಿಗಿ ಮಾಡಿದರೂ ಸುಮ್ನೆ ಏರಿಬಿಡುತ್ತದೆ! ಅದಕ್ಕೇ ಹತ್ತಾರು ಏಟು ಕೊಟ್ಟು ಸರಾಸರಿ ತೆಗೆಯುತ್ತಾರೆ.

ವಯಸ್ಸಾದವರಲ್ಲಿ ಮೆದುಳು ಸ್ವಲ್ಪ ಕುಗ್ಗಿ ಕಾಯಿಲ್‌ನಿಂದ ದೂರವಾಗಿರಬಹುದು; ಆಗ ಅದೇ ಏಟು ಮೆದುಳಿಗೆ ಕಡಿಮೆ ತಾಗುತ್ತದೆ. ಸಿಗ್ನಲ್ ಚಿಕ್ಕದಾದ ಮಾತ್ರಕ್ಕೆ ನರಗಳ ಸಂಪರ್ಕವೇ ಸೋತಿದೆ ಎನ್ನಲಾಗದು, ಅಲ್ವಾ? ಎರಡು ಕಾಯಿಲ್ ಇಟ್ಟು ಮೆದುಳಿನ ಭಾಗಗಳ ನಡುವಿನ ಸಂಪರ್ಕ ಅಳೆಯುವ ವಿಧಾನ ಇನ್ನೂ ನಾಜೂಕು. ಅದೇ ವ್ಯಕ್ತಿಯನ್ನು ಇನ್ನೊಂದು ದಿನ ಅಳೆದರೆ ಬೇರೆಯೇ ಅಂಕಿ ಬರಬಹುದು.